ಬೀಗರು, ನಾನು ಮತ್ತು ಹಿಮದಲ್ಲಿ ಕೈಕೊಟ್ಟ ಗಾಡಿ

ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದವನ ಆಯಾಸ ಬೇರೆಯೇ ಬಗೆಯದು. ದಿನವಿಡೀ ಮಣ್ಣು ಹೊತ್ತವನಿಗೆ ಮಲಗಿದರೆ ನಿದ್ದೆಯಾದರೂ ಬರುತ್ತದೆ. ಕಥೆ ಹೊತ್ತವನಿಗೆ ಅದೂ ಇಲ್ಲ. ಯಾವುದನ್ನು ಬಿಟ್ಟೆ, ಯಾವುದನ್ನು ಸೇರಿಸಿದೆ ಎಂದು ತಲೆ ತನ್ನ ಪಾಡಿಗೆ ಗುಣುಗುಣಿಸುತ್ತಲೇ ಇರುತ್ತದೆ. ಹರಿಕಥೆಯ ದಾಸರಿಗಾದರೂ ಮಧ್ಯೆ ಒಂದು ಲೋಟ ಬಿಸಿ ಹಾಲು, ಕೊನೆಗೊಂದು ಶಾಲು ಸಿಗುತ್ತಿತ್ತು. ನನಗೆ ಸಿಗುವುದು ಪೇಪರ್ ತಟ್ಟೆಯಲ್ಲಿ ಆರಿಹೋದ ಬಿಸಿಬೇಳೆಬಾತು. ನಾವಿರುವುದು ಸಿಡ್ನಿಯ ರೌಸ್ ಹಿಲ್‌ನಲ್ಲಿ. ಇಲ್ಲಿಂದ ಮಾರ್ಸ್ಡನ್ ಪಾರ್ಕ್ ಬಡಾವಣೆಯವರೆಗೆ ಯಾರ ಮನೆಯ ಗೃಹಪ್ರವೇಶವಾಗಲಿ, ಯಾರ ಮಗುವಿನ ನಾಮಕರಣವಾಗಲಿ, ಊಟ ಮುಗಿದ ಮೇಲೆ ಗಂಡಸರೆಲ್ಲ ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೊದಲು ಮಾರ್ಟ್‌ಗೇಜಿನ ದುಃಖ, ಆಮೇಲೆ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ದುಃಖ. ಎರಡೂ ಮುಗಿದು ಒಂದು ನಿಮಿಷ ಮೌನ ಬಿದ್ದಾಗ ಯಾರಾದರೂ ನನ್ನ ಕಡೆ ತಿರುಗಿಯೇ ತಿರುಗುತ್ತಾರೆ. "ಮೂರ್ತಿ ಅಂಕಲ್, ಆ ಸ್ನೋಮೊಬೈಲ್ ಕಥೆ ಹೇಳಿ. ಇವರು ಕೇಳಿಲ್ಲವಂತೆ."

ಕೇಳದವರು ಇನ್ನೂ ಯಾರಿದ್ದಾರೆ ಎಂದು ನನಗೆ ಪ್ರತಿಸಲವೂ ಆಶ್ಚರ್ಯವಾಗುತ್ತದೆ.

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಸ್ಕೂಟರು ಅಂದುಕೊಳ್ಳಿ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಗಿರಗಿರ ತಿರುಗುವ ಅಗಲವಾದ ರಬ್ಬರ್ ಪಟ್ಟೆ. ನೋಡಲು ಸಿಂಹದ ಹಾಗಿರುತ್ತದೆ; ಸ್ವಭಾವ ಮಾತ್ರ ನಮ್ಮೂರಿನ ನೀರಿನ ಪಂಪಿನದು. ಯಾರಾದರೂ ನೆಂಟರು ಬಂದ ದಿನವೇ ಕೈಕೊಡಬೇಕು. ಅದನ್ನು ಹತ್ತಿದವರಲ್ಲಿ, "ಹತ್ತಿದೆ, ಓಡಿತು, ಇಳಿದೆ" ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಓದಲು ಬಂದು, ಕಾಯಂ ನೆಲೆಸಲು ಪಿಆರ್ ಪಡೆದು, ಈಗ ನಮ್ಮ ಬೀದಿಯ ಕೊನೆಯಲ್ಲೇ ಮನೆ ಮಾಡಿರುವ ದಾವಣಗೆರೆಯ ಒಬ್ಬರಿದ್ದಾರೆ. ಅವರ ಗಾಡಿ ದಿಬ್ಬದ ಅರ್ಧದಲ್ಲಿ ನಿಂತಿತಂತೆ. ಅವರ ಹೆಂಡತಿ ಹಿಂದಿನಿಂದ ಇಳಿದ ತಕ್ಷಣ ಮತ್ತೆ ಹೊರಟಿತಂತೆ. ಆಕೆ ಹತ್ತಿದರೆ ನಿಲ್ಲುವುದು, ಇಳಿದರೆ ಹೊರಡುವುದು. ಇದನ್ನು ಅವರು ಹೇಳುವಾಗ ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಮೇಲೆ ಏನಾಯ್ತು ಅದನ್ನೂ ಹೇಳ್ರಿ" ಎನ್ನುತ್ತಾರೆ. ಅವರು ಅದನ್ನು ಹೇಳಿದ್ದು ನನಗೆ ನೆನಪಿಲ್ಲ. ಒಟ್ಟಿನಲ್ಲಿ ಇಂಜಿನ್ ಸತ್ತ ಮೇಲೆಯೇ ಸವಾರನ ನೆನಪು ಹುಟ್ಟುವುದು. ಸರಿಯಾಗಿ ಓಡಿದ ಗಾಡಿಯ ಬಗ್ಗೆ ಹೇಳಲು ಯಾರ ಹತ್ತಿರವೂ ಏನೂ ಇರುವುದಿಲ್ಲ.

ನನ್ನ ಕಥೆ ಬೀಗತನದ ಕಥೆ. ನನ್ನ ಮಗಳು ಮೇಘನಾ ಮೆಲ್ಬರ್ನಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಕ್ರಾನ್‌ಬರ್ನ್‌ನ ರೋಶನ್ ಎಂಬ ಹುಡುಗನನ್ನು ಮೆಚ್ಚಿದಳು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ, ಮನೆಮಾತು ಕೊಂಕಣಿ. ಹುಡುಗ ಬಂಗಾರದಂಥವನು, ನನ್ನ ಹೆಂಡತಿ ಸುಮಾ ಮಾಡಿದ ಹಾಗಲಕಾಯಿ ಗೊಜ್ಜನ್ನು ಕೇಳಿ ಎರಡನೇ ಸಲ ಹಾಕಿಸಿಕೊಂಡ. ನಮ್ಮ ವಂಶದಲ್ಲೇ ಯಾರೂ ಮಾಡದ ಕೆಲಸ ಅದು. ಅವನ ತಂದೆ ಆಲ್ಬರ್ಟ್ ಅವರು, ತಾಯಿ ಲೀನಾ. ಇಬ್ಬರೂ ಬಹಳ ಸಜ್ಜನರು. ತೊಂದರೆ ಏನೆಂದರೆ ನಾನೂ ಸಜ್ಜನನೇ. ಇಬ್ಬರು ಸಜ್ಜನರು ಎದುರುಬದುರು ಕೂತರೆ ಯಾವ ತೀರ್ಮಾನವೂ ಆಗುವುದಿಲ್ಲ.

ತೀರ್ಮಾನವಾಗಬೇಕಾಗಿದ್ದು ಇಷ್ಟೇ: ಚರ್ಚಿನ ಮದುವೆ ಮೊದಲೋ, ನಮ್ಮ ಮುಹೂರ್ತ ಮೊದಲೋ. ಎರಡೂ ಆಗಲಿ ಎನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ನಂಜನಗೂಡಿನಲ್ಲಿರುವ ನನ್ನ ತಾಯಿ ವಿಡಿಯೊ ಕಾಲಿನಲ್ಲಿ ತಮ್ಮ ಹಣೆ ಮಾತ್ರ ಕಾಣುವಂತೆ ಫೋನ್ ಹಿಡಿದುಕೊಂಡು, "ಮೊದಲು ತಾಳಿ, ಆಮೇಲೆ ಉಂಗುರ. ಇಲ್ಲದಿದ್ದರೆ ನನಗೆ ಹೇಳಲೇಬೇಡ" ಎಂದಿದ್ದರು. ಅತ್ತ ಆಲ್ಬರ್ಟ್ ಅವರ ಅಕ್ಕ ಮಂಗಳೂರಿನ ಒಂದು ಕಾನ್ವೆಂಟಿನಲ್ಲಿ ಸನ್ಯಾಸಿನಿ. ತಮ್ಮನನ್ನು ಎತ್ತಿ ಆಡಿಸಿದವರು, ಅವರ ಮಾತು ಆ ಮನೆಯಲ್ಲಿ ಕಲ್ಲಿನ ಮೇಲಿನ ಗೆರೆ. ಅವರದು, ಮೊದಲು ಚರ್ಚು. ಹೀಗೆ ಇಬ್ಬರು ಅಪ್ಪಂದಿರೂ ಒಂದೊಂದು ಕಟ್ಟಪ್ಪಣೆ ಹೊತ್ತು ತಿರುಗುತ್ತಿದ್ದೆವು. ಫೋನಿನಲ್ಲಿ ಮಾತಾಡಿದಾಗಲೆಲ್ಲ ಮೆಲ್ಬರ್ನಿನ ಹವಾಮಾನ, ಸಿಡ್ನಿಯ ಹವಾಮಾನ, ಎರಡನ್ನೂ ಮಂಗಳೂರಿನ ಸೆಖೆಗೆ ಹೋಲಿಸುವುದು, ಅಷ್ಟೇ. ತಿಂಗಳುಗಳು ಉರುಳಿದವು. ಹಾಲ್ ಬುಕ್ ಮಾಡಲಾಗದೆ ಮಗಳು ಸೊರಗಿದಳು. ಕೊನೆಗೆ ಒಂದು ದಿನ ಫೋನಿನಲ್ಲಿ ಅತ್ತಳು. ಇಬ್ಬರು ಅಪ್ಪಂದಿರ ಮರ್ಯಾದೆಯಲ್ಲೇ ತನ್ನ ಮದುವೆ ನಿಂತುಹೋಗುತ್ತದೆ ಎಂದಳು. ಆ ಮಾತು ನನ್ನ ಎದೆಗೆ ತಾಗಿತು. ಆದರೂ ಬೀಗರಿಗೆ ಫೋನ್ ಮಾಡಿ ಮತ್ತೆ ಹವಾಮಾನವನ್ನೇ ಕೇಳಿದೆ.

ನಾನು ಹಾಗಿರುವುದಕ್ಕೆ ನನ್ನ ಅಜ್ಜಿಯೂ ಕಾರಣ. ನಾನು ಮಾತು ಕಲಿತದ್ದೇ ಆಕೆಯ ಮಡಿಲಲ್ಲಿ. "ಬೀಗರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಅಮೃತ ಅನ್ನಬೇಕು, ಅಂದು ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು" ಎನ್ನುತ್ತಿದ್ದಳು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮಾತಿಗೆ ಎದುರಾಡಬಾರದು ಎನ್ನುವುದು ಅವಳ ಪ್ರಕಾರ ವೇದಕ್ಕಿಂತ ಹಳೆಯದು. ನಾನು ಆಸ್ಟ್ರೇಲಿಯಾಕ್ಕೆ ಬಂದು ಕೂದಲು ನರೆತರೂ, ಆಫೀಸಿನಲ್ಲಿ ಮ್ಯಾನೇಜರನ್ನು ಹೆಸರು ಹಿಡಿದು ಕರೆದು ವಾದಿಸುವುದನ್ನು ಕಲಿತರೂ, ಬೀಗರು ಎಂಬ ಶಬ್ದ ಕಿವಿಗೆ ಬಿದ್ದರೆ ಬೆನ್ನು ತಾನಾಗಿ ಬಾಗುತ್ತದೆ. ಆಲ್ಬರ್ಟ್ ಅವರಿಗೆ ಇಂಥ ಶಾಸ್ತ್ರ ಗೊತ್ತಿಲ್ಲ. ಆದರೆ ಹೆಣ್ಣು ಕೊಡುವವರ ಮನಸ್ಸು ನೋಯಿಸಬಾರದು ಎಂದು ಅವರಿಗೂ ಯಾರೋ ಹೇಳಿಕೊಟ್ಟಿದ್ದರು. ಹಾಗಾಗಿ ಅವರ ಬೆನ್ನೂ ಬಾಗಿಯೇ ಇತ್ತು.

ಮಕ್ಕಳು ಉಪಾಯ ಹೂಡಿದರು. ಇಲ್ಲಿ ಚಳಿಗಾಲವಾದ ಜುಲೈನಲ್ಲಿ ನಮ್ಮನ್ನು ಮೆಲ್ಬರ್ನಿಗೆ ಕರೆಸಿಕೊಂಡು, ಎರಡೂ ಮನೆಯವರನ್ನು ಒಂದೇ ವ್ಯಾನಿನಲ್ಲಿ ತುಂಬಿ, ದೂರದ ಹಿಮದ ಬೆಟ್ಟಕ್ಕೆ ಹೊರಡಿಸಿದರು. ದಾರಿಯುದ್ದಕ್ಕೂ ಆಲ್ಬರ್ಟ್ ದಂಪತಿ ನಡುನಡುವೆ ಕೊಂಕಣಿಯಲ್ಲಿ ಏನೋ ಅಂದುಕೊಳ್ಳುವರು, ನಾನು ಅರ್ಥವಾದವನಂತೆ ನಗುವೆನು. ಒಮ್ಮೆ ಹೀಗೆ ನಕ್ಕಾಗ ಲೀನಾ ಅವರು ತಮಗೆ ವಾಂತಿ ಬರುತ್ತಿದೆ ಎಂದು ಹೇಳುತ್ತಿದ್ದರಂತೆ. ಬೆಟ್ಟದ ಮೇಲೆ ಸ್ನೋಮೊಬೈಲ್ ಸವಾರಿ ಬುಕ್ ಆಗಿತ್ತು. ಒಂದು ಗಾಡಿಗೆ ಇಬ್ಬರು. ಹೆಂಗಸರಿಬ್ಬರೂ ಗಾಡಿಯನ್ನು ಒಮ್ಮೆ ನೋಡಿ, ಎದುರಿಗಿದ್ದ ಕೆಫೆಯನ್ನು ಒಮ್ಮೆ ನೋಡಿ, ಒಂದು ಮಾತೂ ಆಡದೆ ಕೆಫೆಯ ಕಡೆ ನಡೆದರು. ಮೇಘನಾ ನನ್ನನ್ನು ಪಕ್ಕಕ್ಕೆ ಎಳೆದಳು.

"ಅಪ್ಪಾ, ನೀವಿಬ್ರೂ ಒಂದೇ ಗಾಡಿ. ಜಸ್ಟ್ ಟಾಕ್ ಟು ಹಿಮ್, ಪ್ಲೀಸ್. ಇಳಿದು ಬರೋ ಹೊತ್ತಿಗೆ ಡಿಸೈಡ್ ಆಗಿರ್ಬೇಕು."

"ಆಗ್ಲಿ ಪುಟ್ಟಿ."

"ವೆದರ್ ಬಗ್ಗೆ ಅಲ್ಲ."

ಗಾಡಿಯ ಹತ್ತಿರ ಬಂದರೆ ಅಲ್ಲೇ ಮೊದಲ ಗಂಡಾಂತರ. ಯಾರು ಓಡಿಸಬೇಕು? "ನೀವು ಓಡಿಸಿ ಮೂರ್ತಿಯವರೇ, ನಾನು ಹಿಂದೆ ಕೂರ್ತೇನೆ" ಎಂದರು ಅವರು. ಉಂಟೇ? "ನೀವಿರುವಾಗ ನಾನು ಹ್ಯಾಂಡಲ್ ಹಿಡಿಯೋದಾ ಸಾರ್" ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು, ನಾನು ಎರಡು ಹೆಜ್ಜೆ. ಗಾಡಿ ಚಾಲೂ ಆಗಿ ಡುರುಡುರು ಎನ್ನುತ್ತ ಹೊಗೆ ಬಿಡುತ್ತ ಕಾಯುತ್ತಲೇ ಇತ್ತು. ನಮ್ಮನ್ನು ಕರೆದೊಯ್ಯಬೇಕಾದ ಗೈಡ್, ಬಿಸಿಲಿಗೆ ಕೆಂಪಾದ ಮೂಗಿನ ಒಬ್ಬ ಹೆಂಗಸು, ಮೊದಲು ನಗುತ್ತಿದ್ದವಳು ಆಮೇಲೆ ಕೈಗಡಿಯಾರ ನೋಡಿಕೊಂಡಳು. ಕೊನೆಗೆ ಅವಳೇ ಆಲ್ಬರ್ಟ್ ಅವರ ತೋಳು ಹಿಡಿದು ಮುಂದೆ ಕೂರಿಸಿದಳು. ನಾನು ಹಿಂದೆ ಕೂತೆ. ಹೆಲ್ಮೆಟ್ಟಿನೊಳಗೆ ಮಂಕಿ ಕ್ಯಾಪು ಹಾಕಿದ್ದರಿಂದ ನನ್ನ ಮುಖ ಹಣ್ಣಾಗಲು ಮುಚ್ಚಿಟ್ಟ ಬಾಳೆಗೊನೆಯಂತೆ ಒಳಗೇ ಬೇಯುತ್ತಿತ್ತು. ಮುಂದೆ ಗೈಡ್, ಅವಳ ಹಿಂದೆ ಮಕ್ಕಳು, ಕಟ್ಟಕಡೆಗೆ ನಾವು.

ಮನಸ್ಸು ಬಿಚ್ಚಿ ಮಾತಾಡಲು ಜಗತ್ತಿನಲ್ಲಿ ಇದಕ್ಕಿಂತ ಅಯೋಗ್ಯವಾದ ಜಾಗವನ್ನು ಆ ಮಕ್ಕಳು ಹುಡುಕಲು ಸಾಧ್ಯವಿರಲಿಲ್ಲ. ಇಂಜಿನ್ ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು. ಆದರೂ ಮಗಳ ಕಣ್ಣೀರು ನೆನೆಸಿಕೊಂಡು ಧೈರ್ಯ ಮಾಡಿದೆ. "ಸಾರ್, ನಮ್ಮ ತಾಯಿಯವರು ಏನ್ ಹೇಳ್ತಾರೆ ಅಂದ್ರೆ" ಎಂದು ಅವರ ಹೆಲ್ಮೆಟ್ಟಿಗೆ ಬಾಯಿಟ್ಟು ಕೂಗಿದೆ.

"ಎಂತ?"

"ನಮ್ಮ ತಾಯಿಯವರು."

"ಹುಷಾರಿಲ್ವಾ?"

"ಇಲ್ಲ, ಚೆನ್ನಾಗಿದ್ದಾರೆ."

"ಒಳ್ಳೇದಾಯ್ತು" ಎಂದರು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಸ್ವಲ್ಪ ದೂರ ಹೋದ ಮೇಲೆ ಅವರೂ ತಿರುಗಿ ಏನೋ ಕೂಗಿದರು. ಅದರಲ್ಲಿ 'ಅಕ್ಕ' ಎಂದು ಕೇಳಿದಂತಾಯಿತು. ನಾನು ಜೋರಾಗಿ, "ಹೌದು ಸಾರ್, ತುಂಬಾ ಚೆನ್ನಾಗಿದೆ" ಎಂದೆ.

ಆಗ ಗಾಡಿ ಕೆಮ್ಮಿತು. ಮುದುಕರು ಗಂಟಲು ಸರಿಮಾಡಿಕೊಳ್ಳುವಂತೆ ಎರಡು ಸಲ, ಆಮೇಲೆ ದೀರ್ಘವಾಗಿ ಒಂದು ಸಲ. ನಿಂತೇ ಹೋಯಿತು. ಮುಂದಿನ ಎರಡು ಗಾಡಿಗಳು ತಿರುವಿನಲ್ಲಿ ಮರೆಯಾದವು. ಸುತ್ತ ಬಿಳಿಯ ಹಿಮ, ಮೈಗೆಲ್ಲ ಸುಣ್ಣ ಬಳಿದುಕೊಂಡ ನೀಲಗಿರಿ ಜಾತಿಯ ಗಮ್ ಮರಗಳು, ಎಲ್ಲೋ ಒಂದು ಕಾಗೆ. ಅಂಥ ನಿಶ್ಶಬ್ದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಉಸಿರಾಡಿದರೂ ಕೇಳುವಂಥ ಮೌನ. ಮಾತಾಡದಿರಲು ನಮ್ಮಿಬ್ಬರಿಗೂ ಯಾವ ನೆಪವೂ ಉಳಿದಿರಲಿಲ್ಲ. ಆದ್ದರಿಂದ ಇಬ್ಬರೂ ಇಳಿದು ಬಹಳ ಆಸಕ್ತಿಯಿಂದ ಇಂಜಿನ್ ನೋಡತೊಡಗಿದೆವು.

ಹುಲ್ಲು ಕತ್ತರಿಸುವ ಮಷೀನಿಗಿದ್ದಂತೆ ಅದಕ್ಕೊಂದು ಎಳೆಯುವ ಹಗ್ಗವಿತ್ತು. ಅವರು ಎಳೆದರು. ನಾನು "ಎಷ್ಟು ಚೆನ್ನಾಗಿ ಎಳೀತೀರಿ" ಎಂದೆ. ನಾನು ಎಳೆದೆ. ಅವರು "ನಿಮ್ಮ ಕೈಯಲ್ಲಿ ಶಕ್ತಿ ಉಂಟು" ಎಂದರು. ಗಾಡಿ ಏನೂ ಅನ್ನಲಿಲ್ಲ. ಮಾತು ಮೆಲ್ಲಗೆ ಸ್ಕೂಟರಿಗೆ ಹೋಯಿತು. ಅವರು ಮಂಗಳೂರಿನಲ್ಲಿ ಬ್ಯಾಂಕಿಗೆ ಹೋಗುತ್ತಿದ್ದ ಕಾಲದ ಹಸಿರು ಸ್ಕೂಟರು, ನಾನು ಮೈಸೂರಿನಲ್ಲಿ ಮಾವನವರಿಂದ ಪಡೆದ ನೀಲಿ ಸ್ಕೂಟರು. ಎರಡೂ ಚಳಿಗಾಲದ ಬೆಳಿಗ್ಗೆ ಒಂದೇ ಥರ ಹಟ ಹಿಡಿಯುತ್ತಿದ್ದವು. ನಮ್ಮ ವಯಸ್ಸಿನವರಿಗೆ ಆ ಚಿಕಿತ್ಸೆ ಗೊತ್ತು: ಸ್ಕೂಟರನ್ನು ಪೂರ್ತಿ ಒಂದು ಮಗ್ಗುಲಿಗೆ ಓರೆ ಮಾಡುವುದು, ಪೆಟ್ರೋಲು ಇಳಿಯಲೆಂದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಳ್ಳುವುದು, ನೆಟ್ಟಗೆ ನಿಲ್ಲಿಸಿ ಒಂದು ಕಿಕ್ ಹೊಡೆಯುವುದು. ಬೀದಿಯಲ್ಲಿ ಯಾರಾದರೂ ಸ್ಕೂಟರನ್ನು ಹಾಗೆ ಬಗ್ಗಿಸಿಕೊಂಡು ನಿಂತಿದ್ದರೆ ದಾರಿಹೋಕರು ಸಹಾಯಕ್ಕೆ ಬರುತ್ತಿರಲಿಲ್ಲ. ಸಂಧ್ಯಾವಂದನೆ ಮಾಡುವವರನ್ನು ಬಿಡುವಂತೆ ಬಿಟ್ಟು ಹೋಗುತ್ತಿದ್ದರು.

"ಊರಲ್ಲಾಗಿದ್ದರೆ ಓರೆ ಮಾಡಬಹುದಿತ್ತು" ಎಂಬ ಮಾತು ಆಗ ಅಲ್ಲಿ ಬಂತು. ಯಾರ ಬಾಯಿಂದ ಬಂತು ಎನ್ನುವುದೇ ಇವತ್ತಿನ ವ್ಯಾಜ್ಯ. ನನ್ನ ಪ್ರಕಾರ ಅವರ ಬಾಯಿಂದ. ಅವರ ಪ್ರಕಾರ ನನ್ನ ಬಾಯಿಂದ. ಬಂದ ತಕ್ಷಣ ನಡೆದದ್ದರ ಬಗ್ಗೆ ಮಾತ್ರ ಇಬ್ಬರೂ ಒಪ್ಪುತ್ತೇವೆ. ಒಬ್ಬರು ಅಂದರು, ಇನ್ನೊಬ್ಬರಿಗೆ ಇದು ಶುದ್ಧ ಮೂರ್ಖತನ ಅನ್ನಿಸಿತು. ಆದರೆ ಬೀಗರು ಬಾಯಿಬಿಟ್ಟು ಹೇಳಿದ್ದನ್ನು ಬೇಡ ಎನ್ನುವುದು ಹೇಗೆ? "ಅದೂ ಸರಿಯೇ" ಎಂದುಬಿಟ್ಟರು. ಹೇಳಿದವರಿಗೂ ಅದು ಬಾಯಿಗೆ ಬಂದ ಮಾತಷ್ಟೇ, ಮಾಡುವ ಉದ್ದೇಶವಿರಲಿಲ್ಲ. ಆದರೆ ಇವರು ಅಷ್ಟು ಉತ್ಸಾಹದಿಂದ ಒಪ್ಪಿದ ಮೇಲೆ ಹಿಂದೆ ಸರಿಯುವುದು ಹೇಗೆ? ಹೀಗೆ ಇಬ್ಬರಿಗೂ ಬೇಡವಾದ ಕೆಲಸಕ್ಕೆ ಇಬ್ಬರೂ ಸೊಂಟ ಕಟ್ಟಿದೆವು.

ಗಾಡಿ ಎರಡು ಎಮ್ಮೆಯ ತೂಕವಿತ್ತು. ನಾನು ಹ್ಯಾಂಡಲ್ ಹಿಡಿದೆ, ಅವರು ಹಿಂದಿನ ಸೀಟು. ಬಗ್ಗಿತು. ಸ್ಕೂಟರು ಒಂದು ಹಂತಕ್ಕೆ ಬಗ್ಗಿ ನಿಲ್ಲುತ್ತದೆ. ಇದಕ್ಕೆ ಆ ಸಂಸ್ಕಾರ ಇರಲಿಲ್ಲ. ದಾರಿಯ ಪಕ್ಕದ ಹಿಮ ಹತ್ತಿಯಂತೆ ಮೃದುವಾಗಿತ್ತು. ಗಾಡಿ ಬಗ್ಗುತ್ತ, ಬಗ್ಗುತ್ತ, ಒಂದು ನಿಟ್ಟುಸಿರು ಬಿಟ್ಟು, ಹಬ್ಬದ ಊಟವಾದ ಯಜಮಾನರಂತೆ ಪೂರ್ತಿ ಮಗ್ಗುಲಾಗಿ ಮಲಗಿತು. ಜೊತೆಗೆ ನಾನೂ ತೊಡೆಯವರೆಗೆ ಹಿಮದಲ್ಲಿ ಇಳಿದೆ. ಆಲ್ಬರ್ಟ್ ಅವರು "ಜೆಜು, ಜೆಜು" ಎಂದು ಯೇಸುವನ್ನು ಕರೆಯುತ್ತ ಒಂದು ಗಮ್ ಮರವನ್ನು ತಬ್ಬಿಕೊಂಡರು. ಇದು ನಾನು ಹೇಳುವ ಕಥೆ. ಅವರು ಹೇಳುವ ಕಥೆಯಲ್ಲಿ ಮರವೂ ಇಲ್ಲ, ಜೆಜುವೂ ಇಲ್ಲ. ಅದರಲ್ಲಿ ನಾನು "ಅಯ್ಯೋ ಅಮ್ಮಾ" ಎಂದು ಕಿರುಚಿ ಅವರ ಎರಡೂ ಕಾಲು ಹಿಡಿದುಕೊಂಡೆನಂತೆ. "ಹೆಣ್ಣಿನ ತಂದೆ ಕಾಲು ಹಿಡಿಯೋದನ್ನು ಹಳೇ ಸಿನಿಮಾದಲ್ಲಿ ನೋಡಿದ್ದೆ ಮಾರಾಯ್ರೆ, ನನಗೇ ಆಗ್ತದೆ ಅಂತ ಅಂದುಕೊಂಡಿರ್ಲಿಲ್ಲ" ಎಂದು ಅವರು ಹೇಳಿದಾಗ ಜನ ಬಿದ್ದು ಬಿದ್ದು ನಗುತ್ತಾರೆ.

ಗೈಡ್ ಹೆಂಗಸು ಮಕ್ಕಳನ್ನು ಕೆಫೆಯ ಕಡೆ ಕಳಿಸಿ ವಾಪಸು ಬಂದು ಮಲಗಿದ ಗಾಡಿಯನ್ನು, ಅದರ ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ನಮ್ಮನ್ನು ಬಹಳ ಹೊತ್ತು ನೋಡಿದಳು. ಏಕೆ ಮಲಗಿಸಿದಿರಿ ಎಂದು ಕೇಳಿದಳು. ಪೆಟ್ರೋಲು ಇಳಿಯಲಿ ಎಂದು, ಅಂದೆ. ಅವಳು ಕೈಗವಸು ಬಿಗಿಮಾಡಿಕೊಂಡಳು. ಮೂವರೂ ಸೇರಿ ಎತ್ತಿ ನಿಲ್ಲಿಸಿದೆವು. ಅವಳೂ ಹಗ್ಗ ಎಳೆದಳು, ಮುಚ್ಚಳ ತೆಗೆದು ನೋಡಿದಳು, ಮುಚ್ಚಿದಳು, ಒಂದು ಒದೆ ಕೊಟ್ಟಳು. ಏನೂ ಆಗಲಿಲ್ಲ. ಏನಾಗಿತ್ತು ಎಂದು ಅವಳಿಗೂ ತಿಳಿಯಲಿಲ್ಲ. ಇವತ್ತಿಗೂ ಯಾರಿಗೂ ತಿಳಿದಿಲ್ಲ. ನನ್ನ ತಾಯಿಯ ಪ್ರಕಾರ ರಾಹುಕಾಲ. ಲೀನಾ ಅವರ ಪ್ರಕಾರ ಇಬ್ಬರ ತೂಕ. ದಾವಣಗೆರೆಯವರ ಪ್ರಕಾರ ಸ್ಪಾರ್ಕ್ ಪ್ಲಗ್ಗು. ಯಾವ ಗಾಡಿಗೆ ಏನಾದರೂ ಅವರು ಅದನ್ನೇ ಹೇಳುತ್ತಾರೆ.

ಗೈಡ್ ಹೆಂಗಸಿನ ಗಾಡಿಯ ಹಿಂದೆ ಸಾಮಾನು ಎಳೆಯುವ ಒಂದು ಹಲಗೆಬಂಡಿ ಇತ್ತು. ನಮ್ಮಿಬ್ಬರನ್ನೂ ಅದರಲ್ಲಿ ಕೂರಿಸಿ, ಮೇಲೊಂದು ಟಾರ್ಪಾಲು ಹೊದಿಸಿ, ಅಕ್ಕಿಮೂಟೆಯಂತೆ ಕಟ್ಟಿ, ನಿಧಾನಕ್ಕೆ ಎಳೆದುಕೊಂಡು ಹೊರಟಳು. ಟಾರ್ಪಾಲಿನ ಅಡಿಯಲ್ಲಿ ನಡುಗುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗ ಆಲ್ಬರ್ಟ್ ಅವರು ಮೆಲ್ಲಗೆ, "ಮೂರ್ತಿಯವರೇ, ನಿಮ್ಮ ತಾಯಿ ನಿಜವಾಗಿ ಎಂತ ಹೇಳಿದ್ರು?" ಎಂದರು. ಹೇಳಿದೆ. ಅವರ ಅಕ್ಕ ಹೇಳಿದ್ದನ್ನೂ ಕೇಳಿದೆ. ಚಳಿಗೋ, ಸುಸ್ತಿಗೋ, ಮಗಳ ನೆನಪಿಗೋ, ನನಗೆ ಕಣ್ಣು ತುಂಬಿ ಬಂತು. "ಚರ್ಚೇ ಮೊದಲಾಗ್ಲಿ ಸಾರ್, ಅಮ್ಮನಿಗೆ ನಾನು ಹೇಳ್ಕೋತೀನಿ" ಎಂದೆ.

"ಛೇ, ಎಂತ ಮಾತು. ನಿಮ್ಮ ಮುಹೂರ್ತ ಮೊದಲು. ಅಕ್ಕನಿಗೆ ನಾನು ಹೇಳ್ತೇನೆ."

"ಖಂಡಿತ ಬೇಡ. ಚರ್ಚ್ ಮೊದಲು."

"ಆಗ್ಲಿಕ್ಕಿಲ್ಲ ಮಾರಾಯ್ರೆ. ಮುಹೂರ್ತ."

"ನಾನು ಒಪ್ಪಲ್ಲ ಸಾರ್."

"ನಾನೂ ಬಿಡುದಿಲ್ಲ."

ಟಾರ್ಪಾಲಿನೊಳಗೆ ಧ್ವನಿಗಳು ಏರಿದವು. ಬಂಡಿ ಕೆಫೆಯ ಮುಂದೆ ಬಂದು ನಿಂತದ್ದು ನಮಗೆ ಗೊತ್ತೇ ಆಗಲಿಲ್ಲ. ಮೇಘನಾ ಟಾರ್ಪಾಲು ಎತ್ತಿ ನೋಡುತ್ತಾಳೆ, ಭಾವೀ ಮಾವನೂ ಸ್ವಂತ ಅಪ್ಪನೂ ಕೆಂಪು ಮುಖ ಮಾಡಿಕೊಂಡು, "ಸಾಧ್ಯವೇ ಇಲ್ಲ" ಎಂದು ಒಬ್ಬರ ಮೇಲೊಬ್ಬರು ಬೆರಳು ತೋರಿಸಿ ಕೂಗುತ್ತಿದ್ದಾರೆ. ಪಾಪದ ಹುಡುಗಿ ರೋಶನ್‌ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಓಕೆ. ಸೋ ಇಟ್ಸ್ ಓವರ್" ಎಂದಳು. ಆ ಮುಖ ನೋಡಿದಾಗ ನನಗೆ ಹಿಮಕ್ಕಿಂತ ಹೆಚ್ಚು ನಡುಕ ಬಂತು. ನಾವು ಜಗಳವಾಡುತ್ತಿಲ್ಲ, ಒಪ್ಪುತ್ತಿದ್ದೇವೆ ಎಂದು ಅವಳಿಗೆ ಬಿಡಿಸಿ ಹೇಳುವುದರೊಳಗೆ ಸಾಕುಸಾಕಾಯಿತು.

ಸುಮಾ ಕೆಫೆಯ ಮೇಜಿನಿಂದಲೇ, "ಅದೆಲ್ಲ ಆಯ್ತು ರೀ, ಬಂದು ಕಾಫಿ ಕುಡೀರಿ" ಎಂದಳು. ಅವಳೂ ಲೀನಾ ಅವರೂ ನಾವು ಹೊರಟ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿದ್ದರು. ಲೀನಾ ಅವರ ಕಡೆ ಮದುವೆಯ ಹಿಂದಿನ ದಿನ ರೋಸ್ ಅಂತ ಮಾಡುತ್ತಾರಂತೆ, ವಧುವರರಿಗೆ ತೆಂಗಿನಹಾಲು ಹಚ್ಚುವುದು. ನಮ್ಮಲ್ಲಿ ಅರಿಶಿನ ಎಣ್ಣೆ ಹಚ್ಚುತ್ತೇವೆ. ಎರಡನ್ನೂ ಒಂದೇ ದಿನ, ಒಂದೇ ಮಣೆಯ ಮೇಲೆ ಮಾಡಿಬಿಡುವುದು. ಶಾಸ್ತ್ರ ಶುರುವಾದದ್ದೇ ನಮ್ಮದರಿಂದ ಎಂದು ಎರಡೂ ಕಡೆಯ ಹಿರಿಯರಿಗೆ ಬೇರೆ ಬೇರೆಯಾಗಿ ಹೇಳುವುದು. ಆಮೇಲೆ ಹಾಲ್ ಯಾವತ್ತು ಸಿಗುತ್ತದೋ ಅವತ್ತು ಮುಹೂರ್ತ, ಚರ್ಚ್ ಯಾವತ್ತು ಸಿಗುತ್ತದೋ ಅವತ್ತು ಚರ್ಚ್. ಇಬ್ಬರೂ ಇದನ್ನು ಹೇಳಿ ಬಿಸಿ ಚಾಕೊಲೇಟು ಹೀರಿದರು. ನಾವಿಬ್ಬರೂ ಒದ್ದೆ ಪ್ಯಾಂಟಿನಲ್ಲಿ ನಿಂತು ಕೇಳಿದೆವು.

ಮದುವೆ ಚೆನ್ನಾಗಿಯೇ ಆಯಿತು. ಆರತಕ್ಷತೆಯಲ್ಲಿ ಆಲ್ಬರ್ಟ್ ಅವರು ಸೂಟು ಹಾಕಿಕೊಂಡು ಮೈಕ್ ಹಿಡಿದು ತಮ್ಮ ಕಥೆ ಹೇಳಿದರು. ಬೀಗರು ಮೈಕಿನಲ್ಲಿ ಮಾತಾಡುವಾಗ ಎದ್ದು ಸುಳ್ಳು ಎನ್ನಲಾಗುತ್ತದೆಯೇ? ನಾನು ತಲೆಯಾಡಿಸಿ ನಕ್ಕೆ. ಅಂದಿನಿಂದ ಮೆಲ್ಬರ್ನಿನಲ್ಲಿ ಅವರ ಕಥೆ, ಸಿಡ್ನಿಯಲ್ಲಿ ನನ್ನ ಕಥೆ. ಅವರು ಇಲ್ಲಿಗೆ ಬಂದಾಗ ಇಲ್ಲಿಯೂ ಅವರ ಕಥೆಯೇ.

ಹೋದ ಭಾನುವಾರ ಮಧ್ಯಾಹ್ನ ಮಾರ್ಸ್ಡನ್ ಪಾರ್ಕಿನಲ್ಲಿ ಒಂದು ಗೃಹಪ್ರವೇಶ. ಆಲ್ಬರ್ಟ್ ಅವರು ಇರಲಿಲ್ಲ. ಗ್ಯಾರೇಜು, ಕುರ್ಚಿ, ಮೌನ, "ಮೂರ್ತಿ ಅಂಕಲ್". ಸುಸ್ತಾಗಿತ್ತು, ಬೇಡವೆಂದೆ, ಬಿಡಲಿಲ್ಲ. ಹೇಳಿದೆ. ಎಂದೂ ನಗದಷ್ಟು ನಕ್ಕರು. ಒಬ್ಬರಿಗಂತೂ ನೀರು ಕುಡಿಸಬೇಕಾಯಿತು. ಮನೆಗೆ ಹಿಂತಿರುಗುವಾಗ ಸುಮಾ ಕಾರಿನಲ್ಲಿ, "ಏನ್ರೀ, ಇವತ್ತು ಮರಾನೂ ಬರ್ಲಿಲ್ಲ, ಜೆಜೂನೂ ಬರ್ಲಿಲ್ಲ. ಕಾಲು ಹಿಡ್ಕೊಂಡೆ ಅಂತ ನೀವೇ ಹೇಳ್ಕೊಂಡ್ರಲ್ಲ" ಎಂದಳು.

ನನಗೆ ಅದುವರೆಗೆ ಅದು ಹೊಳೆದೇ ಇರಲಿಲ್ಲ. "ಅವರು ಇರಲಿಲ್ವಲ್ಲ, ಪಾಪ. ಅವರ ಪರವಾಗಿ ಯಾರಾದ್ರೂ ಹೇಳ್ಬೇಕಲ್ಲ" ಎಂದೆ.

"ಹಾಗಾದ್ರೆ ನಿಜವಾಗ್ಲೂ ಹಿಡ್ಕೊಂಡ್ರಾ ಇಲ್ವಾ?"

ಸಿಗ್ನಲ್ ಕೆಂಪಿತ್ತು, ಯೋಚಿಸಿದೆ. ಹಸಿರಾಯಿತು, ಆಗಲೂ ಯೋಚಿಸುತ್ತಲೇ ಇದ್ದೆ. ಮರ ತಬ್ಬಿದ ಆಲ್ಬರ್ಟ್ ಅವರನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಕಂಡದ್ದು ಅವರ ಕರಿಯ ಬೂಟು, ಹಿಮ ಅಂಟಿದ ಅದರ ಲಾಡಿ, ಬಹಳ ಹತ್ತಿರದಿಂದ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಹಿಡ್ಕೊಂಡಿರಬಹುದು ಕಣೇ" ಎಂದೆ. "ಅವರು ಅಷ್ಟು ಖಡಾಖಂಡಿತವಾಗಿ ಹೇಳ್ತಾರೆ ಅಂದ್ಮೇಲೆ, ಹಿಡ್ಕೊಂಡೇ ಇರ್ತೀನಿ."